ಮೈದಾನದಲ್ಲಿ ನಿನ್ನ ಪಕ್ಕದ ಜಾಗ

ನನ್ನ ಕಾರ್ಡೆಲ್‌ಗೆ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ಆಗಲಿ ಮಗಾ" ಅಂದೆನಲ್ಲ, ಅದು ಸುಳ್ಳು. ಫೋನು ಇಟ್ಟವಳು ಬೇಯುತ್ತಿದ್ದ ಸೊಪ್ಪಿಗೆ ಎರಡು ಸಲ ಉಪ್ಪು ಹಾಕಿದೆ. ನಿನ್ನಮ್ಮ ಒಂದು ತುತ್ತು ಬಾಯಿಗಿಟ್ಟು, "ಅವ್ವಾ, ಯಾರ ಮೇಲಿನ ಸಿಟ್ಟು ಇದು?" ಅಂದಳು. ಲೂವೆನಿಯಾ ಮೇಲಿನದು. ನಿನ್ನಮ್ಮನಿಗೆ ಹೇಳಲಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಕಾಲೇಜಿನ ಕೊನೆಯ ವರ್ಷದ ಫುಟ್‌ಬಾಲ್ ಹುಡುಗರು ತಮ್ಮ ಮೈದಾನದ ಕೊನೆಯ ಪಂದ್ಯದ ದಿನ ಮನೆಯವರ ತೋಳು ಹಿಡಿದು ನಡುವಿಗೆ ಬರಬೇಕು, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಇಬ್ಬರಿಗೇ ಜಾಗ. ಒಂದು ನಿನ್ನಮ್ಮನದು, ಸರಿ. ಇನ್ನೊಂದು? "ಅಜ್ಜೀ, ನಿನ್ನ ಮಂಡಿಗೆ ಅಷ್ಟು ದೂರ ಆಗಲ್ಲ. ಮಿಸೆಸ್ ಲೂವೆನಿಯಾನ ಕರಕೊಂಡು ಹೋಗ್ಲಾ?" ಅಂದೆ ನೀನು. ನನ್ನ ಮಂಡಿಯ ಮೇಲೆ ಎಷ್ಟು ಕರುಣೆಯೋ ನಿನಗೆ!

ಅವಳು ಮಾಡಿದ್ದನ್ನು ಇಲ್ಲ ಅನ್ನುವುದಿಲ್ಲ. ಮೊದಲ ವರ್ಷ ಕೋಚು ನಿನ್ನನ್ನು ಆಟಕ್ಕಿಳಿಸದೆ ಬೆಂಚಿನಲ್ಲೇ ಕೂರಿಸಿದಾಗ, ನಿನ್ನ ಕಾಲೇಜಿನ ಊರಿನ ಚರ್ಚಿನವರು ಆಟಗಾರರನ್ನು ನೋಡಿಕೊಳ್ಳಲು ಮನೆಗೊಬ್ಬರಂತೆ ಹಂಚಿಕೊಂಡರು. ನೀನು ಅವಳ ಪಾಲಿಗೆ ಬಿದ್ದೆ. ಪ್ರತಿ ಭಾನುವಾರ ಕೋಳಿ ಕರಿದು ಹಾಕಿದಳು. ಎರಡನೇ ವರ್ಷ ಭುಜ ಮುರಿದಾಗ ನಾನು ಬಸ್ಸಿಳಿದು ಆಸ್ಪತ್ರೆಗೆ ಬರುವಷ್ಟರಲ್ಲಿ ನಿನ್ನ ದಿಂಬು, ಹೊದಿಕೆ ಎಲ್ಲ ಸರಿಮಾಡಿಟ್ಟಿದ್ದಳು. ನನಗೆ ಮಾಡಲು ಏನೂ ಉಳಿದಿರಲಿಲ್ಲ ಕಣೋ. ಮೂರನೇ ವರ್ಷ ನೀನು ಚೆಂಡನ್ನು ಎದೆಗವಚಿಕೊಂಡು ಓಡಿ ಮೈದಾನದ ಆ ತುದಿ ಮುಟ್ಟಿದ್ದನ್ನು ಟಿವಿಯಲ್ಲಿ ನೋಡಿದೆ. ಅದರಲ್ಲೂ ನಿನಗಿಂತ ಜಾಸ್ತಿ ಅವಳ ಹಳದಿ ಟೋಪಿಯೇ ಕಂಡಿತು.

ವಸಂತ ಬಂದರೆ ನೀನು ಹೆಲ್ಮೆಟ್ ಬಿಚ್ಚಿಟ್ಟು ಓಟಕ್ಕೆ ಇಳಿಯುತ್ತೀ. ಕಳೆದ ಏಪ್ರಿಲ್‌ನಲ್ಲಿ ನೋಡಲು ಬಂದಿದ್ದೆನಲ್ಲ, ನಾನೂರು ಮೀಟರ್. ಎಂಟು ಹುಡುಗರಲ್ಲಿ ನಿನ್ನೊಬ್ಬನನ್ನೇ ಎಲ್ಲರಿಗಿಂತ ಹಿಂದೆ ನಿಲ್ಲಿಸಿದ್ದರು. ಮಿಸಿಸಿಪ್ಪಿಯಲ್ಲಿ ನಮ್ಮ ಬಣ್ಣದವರನ್ನು ಹಿಂದೆ ನಿಲ್ಲಿಸಿದ್ದನ್ನು ನಾನು ಜೀವನವಿಡೀ ನೋಡಿದವಳು. ಎದ್ದು ಬೇಲಿಯ ಹತ್ತಿರ ಹೋಗಿ, "ಏನಯ್ಯಾ, ನನ್ನ ಮೊಮ್ಮಗ ಕಣ್ಣಿಗೆ ಕಾಣಲ್ವಾ? ಮುಂದಕ್ಕೆ ಕರಿ ಅವನನ್ನ!" ಅಂತ ಕೂಗಿದೆ. ಜನವೆಲ್ಲ ನಕ್ಕಿತು. ಲೂವೆನಿಯಾ ಬಂದು ಕೈ ಹಿಡಿದು, "ಅಕ್ಕಾ, ಒಳಗಿನ ಸುತ್ತು ಚಿಕ್ಕದು, ಅದಕ್ಕೇ ಹಿಂದಿಂದ ಬಿಡ್ತಾರೆ. ಕೂತ್ಕೊಳ್ಳಿ, ನಮ್ಮ ಕಾರ್ಡೆಲ್ ಗೆಲ್ತಾನೆ ನೋಡ್ತಿರಿ" ಅಂದಳು. ನಮ್ಮ ಕಾರ್ಡೆಲ್ ಅಂತೆ!

ಇನ್ನೊಂದು ಹೇಳಿಬಿಡುತ್ತೇನೆ. ನಿನಗೆ ಈ ವೇಗ ಅಜ್ಜನಿಂದ ಬಂತು ಅಂತ ಆ ದಿನದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದರು. ನಿಮ್ಮಜ್ಜ ಬಸ್ಸು ಹಿಡಿಯಲೂ ಓಡಿದವನಲ್ಲ. ಓಡುತ್ತಿದ್ದವಳು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ನನ್ನನ್ನು ಹತ್ತಿ ಬಿಡಿಸಲು ಕಳಿಸಿದರು. ಆದರೂ ಚರ್ಚಿನ ಬೇಸಿಗೆ ಊಟದ ದಿನ ಲಂಗ ಎತ್ತಿ ಕಟ್ಟಿ, ಬರಿಗಾಲಲ್ಲಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದೆ, ನಿಮ್ಮಜ್ಜನನ್ನೂ. ನನಗೆ ಯಾರೂ ಗೆರೆ ಎಳೆದು ಕೊಡಲಿಲ್ಲ, ಗಡಿಯಾರ ಹಿಡಿಯಲಿಲ್ಲ. ಕೊನೆಯ ತಿರುವಿನಲ್ಲಿ ನೀನು ಎಲ್ಲರನ್ನೂ ದಾಟಿದಾಗ ಹೆಮ್ಮೆಪಟ್ಟೆ. ಜೊತೆಗೇ ಹೊಟ್ಟೆ ಉರಿಯಿತು. ಸ್ವಂತ ಮೊಮ್ಮಗನ ಮೇಲೆ! ದೇವರು ಕ್ಷಮಿಸಲಿ.

ಹೆಸರು ಕೊಡಲು ಮುಂದಿನ ಶುಕ್ರವಾರದ ತನಕ ಸಮಯ ಇದೆ ಅಂತ ನೀನು ಅಂದಿದ್ದೆ. ಅವಳ ಹೆಸರು ಹೊಡೆದುಹಾಕು. ನನ್ನದನ್ನು ಪೂರ್ತಿ ಬರೆ: ಆರ್ಜೀಲಿಯಾ ಮೇ ಟಾಲಿವರ್. ಲೂವೆನಿಯಾ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಲಿ, ಚೆನ್ನಾಗಿ ತಟ್ಟುತ್ತಾಳೆ. ನಾನು ನಿಧಾನ ನಡೆಯುತ್ತೇನೆ. ಬ್ಯಾಂಡಿನವರ ಹಾಡು ಮುಗಿದರೆ ಮತ್ತೊಮ್ಮೆ ಬಾರಿಸಲಿ. ನಡುವೆ ಮಂಡಿ ಕೈಕೊಟ್ಟರೆ? ಮೂವರು ಮೈಮೇಲೆ ಬಿದ್ದರೂ ಚೆಂಡು ಬಿಡದವನು, ನನ್ನ ತೋಳು ಬಿಡುತ್ತೀಯೇನೋ?

ದೇವರು ನಿನ್ನ ಎಲುಬುಗಳನ್ನು ಕಾಯಲಿ, ನಿನ್ನ ದಾರಿಗೆ ಯಾರೂ ಅಡ್ಡ ಬರದಿರಲಿ.

ಬಸ್ಸಿನ ಟಿಕೆಟ್ ಆಗಲೇ ತೆಗೆದಿಟ್ಟಿರುವ,
ನಿನ್ನ ಅಜ್ಜಿ