ಒಣ ಅಂಗಳದ ನೆಟ್ಟಿ ಪದ

ಹಳದೀಪುರ, ೧೯೬೬

ವಿಘ್ನೇಶ್ವರಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಕ್ಷೇಮ ಕೇಳುವ ನಾಟಕವೂ ಬೇಡ. ಹೋದ ವರ್ಷ ಅವ್ವನ ಪದ ಟೇಪ್ ಮಾಡಿಕೊಳ್ಳಲೆಂದು ನೀನು ಕರೆತಂದಿದ್ದ ಮುಂಬಯಿಯ ಕಾಮತರು ನಿನ್ನೆ ಮತ್ತೆ ಬಂದಿದ್ದರು. ಬೆಳಿಗ್ಗೆ ಅಪ್ಸರಕೊಂಡದ ಕಡಲಲ್ಲಿ ಗಾಜಿನ ಕನ್ನಡಕ ಕಟ್ಟಿಕೊಂಡು ಮುಳುಗು ಹಾಕಿದರು. ದೋಣಿಯಲ್ಲಿ ನಾನಿದ್ದೆ. ಮಧ್ಯಾಹ್ನ ಮನೆಗೆ ಬಂದು, ಅವ್ವನಿಂದ ಇನ್ನಷ್ಟು ಪದ ಹಾಡಿಸಬೇಕು ಎಂದರು. ಅವ್ವ ಶ್ರಾವಣದಲ್ಲೇ ತೀರಿಕೊಂಡಳು ಎಂದೆ. ನಿನಗೂ ಗೊತ್ತಿಲ್ಲ. ತಿಳಿಸಬೇಕು ಅನ್ನಿಸಲಿಲ್ಲ.

ಪಾಪ, ಅವರು ಟೇಪ್ ರೆಕಾರ್ಡರ್ ತೆಗೆದು ಅವಳ ದನಿ ಕೇಳಿಸಿದರು. ಮೊದಲು ಬಂದದ್ದು ನಿನ್ನ ದನಿ: "ಇವಳು ನಮ್ಮ ತೋಟದ ಆಳು." ಶಾಲೆಗೆ ಹೋಗುವಾಗ ನಿಮ್ಮ ಮನೆಯವರಿಗೆ ತಿಳಿಯದ ಹಾಗೆ ಅವಳ ಕೈಯ ಗಂಜಿ ಉಂಡವನು ನೀನು.

ಆಮೇಲೆ ಅವ್ವ: "ಕೂತ್ಕಂಡ್ರೆ ನೆಟ್ಟಿ ಪದ ಬರೂದಿಲ್ಲ ಒಡೆಯಾ, ಬಗ್ಗಿದ್ರೆ ಬತ್ತದೆ."

ಗದ್ದೆಯಲ್ಲಿ ಬಗ್ಗಿ ಸಸಿ ನೆಡುತ್ತ ಕಲಿತ ಪದ ಅದು. ಅವತ್ತು ಅವಳು ಎದ್ದು ಒಣ ಅಂಗಳದಲ್ಲಿ ಬಗ್ಗಿ, ಇಲ್ಲದ ಸಸಿ ನೆಡುತ್ತ ಹಾಡಿದಳು. ನೀನು ಭುಜ ಹಿಡಿದು ಅವಳನ್ನು ಮೈಕಿನ ಕಡೆ ತಿರುಗಿಸಿದೆ, ಎತ್ತನ್ನು ತಿರುಗಿಸಿದ ಹಾಗೆ. ನಡುವೆ ಯಾರೋ ಗೊಳ್ಳೆಂದು ನಕ್ಕದ್ದೂ ಟೇಪಿನಲ್ಲಿದೆ. ಅವ್ವ ಅಲ್ಲಿ ಹಾಡು ನಿಲ್ಲಿಸಿಬಿಟ್ಟಳು.

"ನಕ್ಕವರು ಯಾರು ಹೊನ್ನಾ?" ಕಾಮತರು ಕೇಳಿದರು.

ನನ್ನ ಹೆಂಡತಿ ಬಂಗಾರಿ ನನ್ನ ಮುಖ ನೋಡಿದಳು. ಅವಳಿಗೆ ನನ್ನ ನಗು ಗೊತ್ತು.

"ವಿಘ್ನೇಶ್ವರ," ಎಂದೆ.