ನೆಲ ಗುಡಿಸುವ ಸೀರೆ

ಕತ್ರಿಗುಪ್ಪೆ, ಆಗಸ್ಟ್ 2003

ಅಮ್ಮಾ,

ಇವತ್ತು ಜಯನಗರದ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟು ಬಂದೆ. ಮುಟ್ಟು ನಿಂತ ಹೆಂಗಸರ ಮೂಳೆ ಯಾಕೆ ಸವೆಯುತ್ತದೆ, ಮೂಳೆ ಬೆಳೆಸುವ ಅಂಶಗಳು ರಕ್ತದಲ್ಲಿ ಕಡಿಮೆಯಾಗುತ್ತವೆಯೇ ಎಂದು ಸಂಶೋಧನೆ ನಡೆಸುತ್ತಿದ್ದಾರೆ. ನೀನು ಹೋಗಿ ಒಂಬತ್ತು ವರ್ಷವಾದ ಮೇಲೆ!

ರಕ್ತ ತೆಗೆದ ಹುಡುಗಿ ಫಾರಂ ಹಿಡಿದು ಕೂತಳು.

"ಆಂಟಿ, ನಿಮ್ಮ ತಾಯಿಗೆ ಮೂಳೆ ಸವೆತ ಇತ್ತಾ?"

"ಇತ್ತು."

"ಯಾವ ಡಾಕ್ಟರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ವಯಸ್ಸಾಯ್ತು ಅಂತ ವಾಪಸ್ ಕಳಿಸಿದ್ರು."

"ರಿಪೋರ್ಟ್ ಇಲ್ದಿದ್ರೆ 'ಗೊತ್ತಿಲ್ಲ' ಅಂತ ಬರ್ಕೋಬೇಕು ಆಂಟಿ."

"ನನಗೆ ಗೊತ್ತಲ್ಲ! ಎರಡೇ ವರ್ಷದಲ್ಲಿ ಅವಳ ಸೀರೆಗಳೆಲ್ಲ ನಾಲ್ಕು ಬೆರಳು ಉದ್ದ ಆದ್ವು. ಸೀರೆ ಬೆಳೆಯಲ್ಲ ಕಣಮ್ಮ, ನಮ್ಮಮ್ಮ ಕುಗ್ಗಿದ್ಲು. ಬರಿ."

ಅವಳು ಬರೆಯುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ 'ಇತ್ತು' ಎಂದೇ ಬರೆದಳು.

"ಸೀರೆ ನೆಲ ಗುಡಿಸ್ತಿದೆ, ನೆಟ್ಟಗೆ ಉಟ್ಕೊಳ್ಳೋಕೂ ಬರಲ್ವಾ?" ಎಂದು ನೆಂಟರ ಮುಂದೆ ನಿನ್ನನ್ನು ಬೈದವಳು ಯಾರು ಎಂದು ಆ ಫಾರಂ ಕೇಳಲಿಲ್ಲ. ಅದು ನಾನೇ ಎಂದು ನಾನೂ ಹೇಳಲಿಲ್ಲ.

ಈಗ ನನ್ನ ಸೀರೆಯೂ ನೆಲ ಗುಡಿಸುತ್ತಿದೆ. ಎತ್ತಿ ಸಿಕ್ಕಿಸಿಕೊಳ್ಳುವುದಿಲ್ಲ. ಯಾಕೆ ಹೀಗೆ ಎಂದು ಯಾರಾದರೂ ಕೇಳಲಿ, ನಿನ್ನ ಹೆಸರಿನಿಂದಲೇ ಹೇಳಲು ಶುರು ಮಾಡುತ್ತೇನೆ.