ಮೇಲ್ ಬಾರದ ದಿನ

13 ನವೆಂಬರ್ 2024, ಬುಧವಾರ, ದುಬೈ

ಕೃಷ್ಣಪ್ಪ ಮಾವನ ಅಂಗಡಿಯ ಕಂಪ್ಯೂಟರನ್ನು ನಾಳೆ ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಏಸಿ ನಿಲ್ಲಿಸಿದೆ, ಮತ್ತೆ ಹಾಕಿದೆ.

ಅದು ಹಳೇ ಲಿನಕ್ಸ್ ಯಂತ್ರ. ಇಷ್ಟು ವರ್ಷ ಬ್ರೌಸರ್, ಮೇಲ್ ಎರಡೂ ಒಂದೇ ಸಾಫ್ಟ್‌ವೇರಿನಲ್ಲಿದ್ದವು. ಒಂದನ್ನು ತೆರೆದರೆ ಇನ್ನೊಂದೂ ಜೊತೆಗೇ ಬರುತ್ತಿತ್ತು. ಅದರಲ್ಲಿ ಬ್ಯಾಂಕಿನ ಪುಟ ತೆರೆಯುವುದಿಲ್ಲವೆಂದು ನಿನ್ನೆ ನಾನೇ ಎರಡನ್ನೂ ಬೇರೆ ಬೇರೆ ಮಾಡಿದೆ. ಮಾವನಿಗೆ ಹೇಳಲು ಮರೆತೆ.

ಇವತ್ತು ಹಗಲೆಲ್ಲ ನಾನು ಹೊರಗಿನ ಕೆಲಸದಲ್ಲಿದ್ದೆ. ಮಾವ ಎಂದಿನಂತೆ ಬ್ರೌಸರ್ ಮಾತ್ರ ತೆರೆದು, ಮೇಲ್ ತಾನಾಗಿ ಬರುತ್ತದೆಂದು ಕಾದು ಕೂತಿದ್ದಾರೆ. ಸಂಜೆ ನೈಫ್ ಪೇಟೆಯ ಅಂಗಡಿಗೆ ಮರಳಿದಾಗ ಅವರ ಮುಖ ಎಂದೂ ಇಲ್ಲದಷ್ಟು ಶಾಂತವಾಗಿತ್ತು.

"ಇವತ್ತು ಒಂದು ಆರ್ಡರೂ ಇಲ್ಲ ಯಶ್ಮಿ. ಖಲಾಸ್. ಅಂಗಡಿ ಮುಚ್ಚಿ ಊರಿಗೆ ಹೋಗುವ," ಎಂದರು.

"ನೀವು ಮೇಲ್ ತೆರೆದೇ ಇಲ್ಲ ಮಾವ," ಎಂದು ತೆರೆದು ತೋರಿಸಿದೆ. ಟ್ರಾಲಿ ಬ್ಯಾಗುಗಳ ಆರ್ಡರುಗಳು ಒಂದರ ಹಿಂದೊಂದು ಇಳಿದವು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಾಡಿತು.

"ಮಧ್ಯಾಹ್ನ ಕೌಂಟರಲ್ಲೇ ಒಳ್ಳೆ ನಿದ್ದೆ ಬಂದಿತ್ತು ಮಾರಾಯ್ತಿ. ಈ ಮೇಲನ್ನು ಹಾಗೇ ಮುಚ್ಚಿ ಇಡ್ಲಿಕ್ಕೆ ಆಗುದಿಲ್ವಾ?"

ಬೇರೆ ಬೇರೆಯಾಗಿಯೇ ಬಿಟ್ಟರೆ ಅವರು ಮೇಲ್ ತೆರೆಯುವುದೇ ಇಲ್ಲ. ಹಳೆಯದನ್ನು ಹಾಕಿದರೆ ಬಾಗಿಲು ತೆಗೆದ ಕೂಡಲೇ ಆರ್ಡರುಗಳು ಮೈಮೇಲೆ ಬೀಳುತ್ತವೆ. ನನ್ನ ವೀಸಾ ಇರುವುದು ಅದೇ ಅಂಗಡಿಯ ಲೈಸೆನ್ಸಿನಲ್ಲಿ; ಅಂಗಡಿ ಮುಚ್ಚಿದರೆ ಅದೂ ಹೋಗುತ್ತದೆ.

ಹಳೆಯದನ್ನೇ ಹಾಕುತ್ತೇನೆ. ಬ್ಯಾಂಕಿನ ಪುಟವನ್ನು ಮೊಬೈಲಿನಲ್ಲಿ ನೋಡಿದರಾಯಿತು. ಮಾವನ ನಿದ್ದೆ ಮಾತ್ರ ಇನ್ನು ಕೌಂಟರಿನಲ್ಲಿ ನಡೆಯಲಿಕ್ಕಿಲ್ಲ.